ಬರೀ ಎಂಬಿಬಿಎಸ್ಸಾ?

1961ರಲ್ಲಿ ಕೆರ್ ವೈಟ್ ಎಂಬ ವೈದ್ಯರು ಇಬ್ಬರು ಸಹೋದ್ಯೋಗಿಗಳೊಂದಿಗೆ ಸೇರಿ ಒಂದು ಲೆಕ್ಕ ಪ್ರಕಟಿಸಿದರು. ಅಮೆರಿಕ ಮತ್ತು ಬ್ರಿಟನ್ನಿನ ಅಂಕಿಅಂಶಗಳನ್ನು ಎದುರಿಗಿಟ್ಟುಕೊಂಡು ಅವರು ಕೇಳಿದ ಪ್ರಶ್ನೆ ಇದು: ಸಾವಿರ ಮಂದಿ ದೊಡ್ಡವರಿರುವ ಕಡೆ ಒಂದು ತಿಂಗಳಲ್ಲಿ ಎಷ್ಟು ಜನರಿಗೆ ಮೈ ಸರಿಯಿಲ್ಲದೆ ಹೋಗುತ್ತದೆ, ಅವರೆಲ್ಲ ಎಲ್ಲೆಲ್ಲಿಗೆ ಹೋಗುತ್ತಾರೆ? 750 ಮಂದಿಗೆ ಏನಾದರೊಂದು ಕಾಯಿಲೆ ಅಥವಾ ಪೆಟ್ಟು. ಅವರಲ್ಲಿ 250 ಮಂದಿ ವೈದ್ಯರನ್ನು ಕಾಣುತ್ತಾರೆ. ಆಸ್ಪತ್ರೆಗೆ ದಾಖಲಾಗುವವರು 9. ಒಬ್ಬ ವೈದ್ಯರು ನೋಡಿ ಇನ್ನೊಬ್ಬರ ಬಳಿಗೆ ಕಳಿಸುವುದು 5 ಮಂದಿಯನ್ನು. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯವರೆಗೆ ಹೋಗುವವರು ಒಬ್ಬರೇ ಒಬ್ಬರು. 2001ರಲ್ಲಿ ಬೇರೆ ಸಂಶೋಧಕರು ಅಮೆರಿಕದ ಹೊಸ ಅಂಕಿಅಂಶ ಹಿಡಿದು ಈ ಲೆಕ್ಕವನ್ನು ಮತ್ತೆ ಮಾಡಿದಾಗಲೂ ಚಿತ್ರ ಹೆಚ್ಚು ಬದಲಾಗಿರಲಿಲ್ಲ.

ಆ ಒಬ್ಬರ ಹಾಸಿಗೆಯ ಸುತ್ತ ನಿಂತು ನಮ್ಮ ವೈದ್ಯ ವಿದ್ಯಾರ್ಥಿಗಳು ವೈದ್ಯಕೀಯ ಕಲಿಯುತ್ತಾರೆ. ಉಳಿದ 249 ಮಂದಿಯನ್ನು ನೋಡುವುದು ಹೇಗೆಂದು ಅವರಿಗೆ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಭಾರತದ ದೊಡ್ಡ ಸರ್ಕಾರಿ ಕಾಲೇಜುಗಳ ಹೊರರೋಗಿ ವಿಭಾಗದಲ್ಲಿ ನೆಗಡಿ, ಜ್ವರದವರೂ ಬಂದು ಸಾಲು ನಿಲ್ಲುತ್ತಾರೆ, ನಿಜ. ಆದರೆ ಪಾಠ ನಡೆಯುವುದು ವಾರ್ಡಿನಲ್ಲಿ, ಪರೀಕ್ಷೆಗೆ ಕೊಡುವ ‘ಕೇಸ್’ ಅಲ್ಲಿಂದಲೇ ಬರುತ್ತದೆ, ಕಲಿಸುವವರೆಲ್ಲ ತಜ್ಞರು. ಹೃದಯದ ಕವಾಟದ ಸದ್ದನ್ನು ಗುರುತಿಸಬಲ್ಲ ಹುಡುಗಿಗೆ ‘ಡಾಕ್ಟ್ರೇ, ಒಂದು ವಾರದಿಂದ ಯಾಕೋ ಸುಸ್ತು’ ಎನ್ನುವವರ ಮುಂದೆ ಮಾತು ಎಲ್ಲಿಂದ ಶುರುಮಾಡಬೇಕೆಂದು ತೋಚದೆ ಹೋಗುವುದು ಇದೇ ಕಾರಣಕ್ಕೆ.

ಅವಳು ಅದನ್ನು ಕಲಿಯಲಿ ಎಂದು ನಾವೂ ಬಯಸುತ್ತಿಲ್ಲ. ನಾಲ್ಕೂವರೆ ವರ್ಷ ಓದಿ, ಒಂದು ವರ್ಷ ಹೌಸ್ ಸರ್ಜನ್ ಆಗಿ ದುಡಿದು ಊರಿಗೆ ಬಂದವರನ್ನು ಮದುವೆ ಮನೆಯಲ್ಲಿ ಕೇಳುವ ಮೊದಲ ಮಾತು ‘ಮುಂದೇನು?’ ಪಿಜಿ ಸೀಟು ಇನ್ನೂ ಸಿಕ್ಕಿಲ್ಲ ಎಂದರೆ ‘ಓ, ಬರೀ ಎಂಬಿಬಿಎಸ್ಸಾ?’ ಎಂಬ ರಾಗ. ಐದೂವರೆ ವರ್ಷದ ವಿದ್ಯೆಯನ್ನು ಅರ್ಧಕ್ಕೆ ನಿಂತ ವಿದ್ಯೆಯೆಂದು ಸಮಾಜವೇ ತೀರ್ಮಾನಿಸಿಬಿಟ್ಟಿದೆ. ಹೌಸ್ ಸರ್ಜನ್‌ಗಳು ರೋಗಿಗಳ ನಡುವೆ ಇರಬೇಕಾದ ವರ್ಷವನ್ನು ನೀಟ್ ಪಿಜಿಯ ಬಹು ಆಯ್ಕೆ ಪ್ರಶ್ನೆಗಳ ನಡುವೆ ಕಳೆಯುತ್ತಿದ್ದರೆ ಆ ಮಕ್ಕಳನ್ನು ದೂರಿ ಪ್ರಯೋಜನವಿಲ್ಲ.

ನನ್ನ ವಾದ ತಜ್ಞರ ವಿರುದ್ಧವಲ್ಲ. ಜನರಲ್ ಪ್ರಾಕ್ಟೀಸ್ ಎನ್ನುವುದು ತಜ್ಞತೆ ಸಿಗದವರು ಉಳಿದುಕೊಳ್ಳುವ ಜಾಗವಲ್ಲ. ಅದು ತಾನೇ ಒಂದು ಬೇರೆ ವಿದ್ಯೆ. ಅದಕ್ಕೆ ಬೇರೆಯದೇ ತರಬೇತಿ ಬೇಕು. ಅದು ಗಟ್ಟಿಯಿಲ್ಲದ ಕಡೆ ತಜ್ಞರ ವಿದ್ಯೆಯೂ ಪೂರ್ತಿ ಫಲ ಕೊಡುವುದಿಲ್ಲ. ಈ ಕೊನೆಯ ಮಾತನ್ನು ಲೆಕ್ಕ ಹಾಕಿಯೇ ತೋರಿಸಬಹುದು.

ಯಾವುದೋ ಒಂದು ಕಾಯಿಲೆಗೆ ಒಂದು ಪರೀಕ್ಷೆಯಿದೆ ಎಂದುಕೊಳ್ಳಿ. ಕಾಯಿಲೆ ಇರುವ ನೂರು ಜನರಲ್ಲಿ 90 ಮಂದಿಯನ್ನು ಅದು ಸರಿಯಾಗಿ ಹಿಡಿಯುತ್ತದೆ. ಕಾಯಿಲೆ ಇಲ್ಲದ ನೂರು ಜನರಲ್ಲಿ 90 ಮಂದಿಗೆ ಸರಿಯಾಗಿ ‘ಇಲ್ಲ’ ಎನ್ನುತ್ತದೆ. ಒಳ್ಳೆಯ ಪರೀಕ್ಷೆಯೇ. ಈಗ ಇದನ್ನು ತಜ್ಞರ ಆಸ್ಪತ್ರೆಯಲ್ಲಿ ಬಳಸೋಣ. ಅಲ್ಲಿಗೆ ಬರುವವರನ್ನು ಯಾರೋ ಮೊದಲೇ ನೋಡಿ, ಅನುಮಾನಪಟ್ಟು ಕಳಿಸಿದ್ದಾರೆ. ಆದ್ದರಿಂದ ಸಾವಿರದಲ್ಲಿ 500 ಮಂದಿಗೆ ಕಾಯಿಲೆ ಇದೆ ಎಂದಿಟ್ಟುಕೊಳ್ಳೋಣ. ಆ 500ರಲ್ಲಿ 450 ಮಂದಿಗೆ ಪಾಸಿಟಿವ್. ಕಾಯಿಲೆ ಇಲ್ಲದ 500ರಲ್ಲಿ 50 ಮಂದಿಗೆ ತಪ್ಪಾಗಿ ಪಾಸಿಟಿವ್. ಅಂದರೆ ಪಾಸಿಟಿವ್ ಬಂದ 500 ಮಂದಿಯಲ್ಲಿ 450 ಮಂದಿ ನಿಜವಾದ ರೋಗಿಗಳು. ವರದಿಯನ್ನು ನಂಬಿ ಮುಂದುವರಿಯಬಹುದು.

ಅದೇ ಪರೀಕ್ಷೆಯನ್ನು ಬೀದಿ ಬದಿಯ ಕ್ಲಿನಿಕ್ಕಿಗೆ ತನ್ನಿ. ಇಲ್ಲಿ ಎಲ್ಲರೂ ಬರುತ್ತಾರೆ. ಸಾವಿರದಲ್ಲಿ 20 ಮಂದಿಗೆ ಮಾತ್ರ ಆ ಕಾಯಿಲೆ. ಆ 20ರಲ್ಲಿ 18 ಮಂದಿಗೆ ಪಾಸಿಟಿವ್. ಉಳಿದ 980 ಮಂದಿಯಲ್ಲಿ 98 ಜನರಿಗೆ ತಪ್ಪು ಪಾಸಿಟಿವ್. ಒಟ್ಟು 116ರಲ್ಲಿ ನಿಜವಾದ ರೋಗಿಗಳು 18 ಮಂದಿ ಮಾತ್ರ. ಯಂತ್ರ ಅದೇ, ರಕ್ತ ಅದೇ, ಲ್ಯಾಬ್ ಅದೇ. ಆದರೂ ಒಂದು ಕಡೆ ಹತ್ತರಲ್ಲಿ ಒಂಬತ್ತು ಸಲ ನಿಜ ಹೇಳಿದ ವರದಿ ಇನ್ನೊಂದು ಕಡೆ ಆರರಲ್ಲಿ ಐದು ಸಲ ಸುಳ್ಳು ಹೇಳುತ್ತದೆ.

ಈ ಅಂಕಿಗಳು ವಿವರಣೆಗಾಗಿ ನಾನು ಇಟ್ಟುಕೊಂಡವು. ಹಿಂದಿರುವ ಗಣಿತ ಮಾತ್ರ ಎಲ್ಲ ಕಾಯಿಲೆಗೂ ಎಲ್ಲ ಪರೀಕ್ಷೆಗೂ ಸಲ್ಲುತ್ತದೆ. ಎದೆನೋವೆಂದು ಬಂದ ಪ್ರತಿಯೊಬ್ಬರನ್ನೂ ಹೃದ್ರೋಗ ತಜ್ಞರ ಕಣ್ಣಿನಿಂದ ನೋಡುವುದು ಹೃದ್ರೋಗ ವಿಭಾಗದಲ್ಲಿ ಸರಿ. ಅದೇ ಕಣ್ಣು ಬೀದಿ ಬದಿಯ ಕ್ಲಿನಿಕ್ಕಿನಲ್ಲಿ ಕೂತರೆ ಆರೋಗ್ಯವಂತರು ಗುಂಪು ಗುಂಪಾಗಿ ಆಂಜಿಯೋಗ್ರಾಂ ಮೇಜಿನವರೆಗೆ ಹೋಗುತ್ತಾರೆ. ತಜ್ಞರು ಚುರುಕಾಗಿ ಕಾಣುವುದರಲ್ಲಿ ಅವರಿಗಿಂತ ಮೊದಲು ಜರಡಿ ಹಿಡಿದವರ ಪಾಲು ದೊಡ್ಡದಿದೆ. ತಲೆನೋವೆಂದರೆ ನೇರ ನರರೋಗ ತಜ್ಞರು, ಹೊಟ್ಟೆ ಉರಿಯೆಂದರೆ ನೇರ ಗ್ಯಾಸ್ಟ್ರೋ ತಜ್ಞರು ಎಂದು ನಾವೇ ಆರಿಸಿಕೊಂಡು ಹೋಗುವ ಪದ್ಧತಿಯಲ್ಲಿ ಆ ಜರಡಿಯೇ ಇಲ್ಲ.

ಹಾಗಾದರೆ ಜನರಲ್ ವೈದ್ಯರ ವಿದ್ಯೆ ಯಾವುದು? ಅವರ ಮುಂದೆ ಬಂದು ಕೂರುವ ಕಾಯಿಲೆ ಇನ್ನೂ ಹೆಸರು ಪಡೆದಿರುವುದಿಲ್ಲ. ಮೊದಲ ದಿನದ ಜ್ವರ ಫ್ಲೂ ಇರಬಹುದು, ಟೈಫಾಯಿಡ್ ಇರಬಹುದು, ಡೆಂಗಿ ಇರಬಹುದು, ಅಪರೂಪಕ್ಕೆ ಮಿದುಳಿನ ಪೊರೆಯ ಸೋಂಕಿನ ಮೊದಲ ಹೆಜ್ಜೆಯಿರಬಹುದು. ಅವತ್ತೇ ಎಲ್ಲ ಪರೀಕ್ಷೆ ಮಾಡಿಸಿದರೂ ಉತ್ತರ ಸಿಗದೇ ಹೋಗಬಹುದು. ಇಲ್ಲಿ ನುರಿತವರು ಮಾಡುವ ಕೆಲಸ ಎರಡು: ಇವತ್ತೇ ಕೈತಪ್ಪಿ ಹೋಗಬಾರದ ಅಪಾಯದ ಗುರುತುಗಳನ್ನು ಹುಡುಕುವುದು, ಅವು ಇಲ್ಲವೆಂದಾದರೆ ಕಾಯಲು ಧೈರ್ಯ ಮಾಡುವುದು. ಕಾಯುವುದೆಂದರೆ ಸುಮ್ಮನಿರುವುದಲ್ಲ. ‘ಜ್ವರ ಬಿಟ್ಟ ಮೇಲೆ ಹೊಟ್ಟೆನೋವು ಬಂದರೆ, ವಾಂತಿ ನಿಲ್ಲದಿದ್ದರೆ, ವಸಡಿನಲ್ಲಿ ರಕ್ತ ಕಂಡರೆ, ರಾತ್ರಿಯಾದರೂ ಸರಿ, ಬನ್ನಿ’ ಎಂದು ತಾಯಿಗೆ ಅರ್ಥವಾಗುವಂತೆ ಹೇಳಿ ಕಳಿಸುವುದು ಒಂದು ಚಿಕಿತ್ಸೆ. ಡೆಂಗಿಯಲ್ಲಿ ಅಪಾಯದ ಘಟ್ಟ ಶುರುವಾಗುವುದೇ ಜ್ವರ ಇಳಿಯುವ ಹೊತ್ತಿಗೆ. ಅದನ್ನು ತಿಳಿದವರು ಮಾತ್ರ ಈ ಮಾತನ್ನು ಸರಿಯಾದ ದಿನ ಹೇಳಬಲ್ಲರು. ಪುಸ್ತಕದಲ್ಲಿ ಕಾಯಿಲೆ ಹೆಸರಿನಿಂದ ಶುರುವಾಗಿ ಲಕ್ಷಣಕ್ಕೆ ಬರುತ್ತದೆ. ಕ್ಲಿನಿಕ್ಕಿನಲ್ಲಿ ದಾರಿ ತಿರುಗುಮುರುಗು.

ತಜ್ಞತೆ ಬೆಳೆದ ಕಥೆಯನ್ನೂ ಗೌರವದಿಂದಲೇ ಹೇಳಬೇಕು. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಣ್ಣಿನ ಒಳಗನ್ನು ನೋಡುವ ಉಪಕರಣ ಕಂಡುಹಿಡಿದ ಮೇಲೆ ನೇತ್ರವೈದ್ಯಕ್ಕೆ ಹೊಸ ಬಲ ಬಂತು. ಒಂದೊಂದು ಉಪಕರಣದ ಸುತ್ತ ಒಂದೊಂದು ವಿದ್ಯೆ ಕಟ್ಟಿಕೊಂಡಿತು. ಒಂದೇ ಕೆಲಸವನ್ನು ಪದೇ ಪದೇ ಮಾಡುವ ಕೈಗೆ ಪಳಗುವಿಕೆ ಬರುವುದು ಬರೀ ನಂಬಿಕೆಯಲ್ಲ. 1979ರಲ್ಲಿ ಹೆರಾಲ್ಡ್ ಲುಫ್ಟ್ ಮತ್ತು ಸಂಗಡಿಗರು ಅಮೆರಿಕದ ಆಸ್ಪತ್ರೆಗಳಲ್ಲಿ ಹನ್ನೆರಡು ಬಗೆಯ ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿದರು. ತೆರೆದ ಹೃದಯದ ಶಸ್ತ್ರಚಿಕಿತ್ಸೆಯಂಥವನ್ನು ವರ್ಷಕ್ಕೆ 200 ಅಥವಾ ಅದಕ್ಕಿಂತ ಹೆಚ್ಚು ಮಾಡುವ ಆಸ್ಪತ್ರೆಗಳಲ್ಲಿ, ಕಡಿಮೆ ಮಾಡುವ ಆಸ್ಪತ್ರೆಗಳಿಗಿಂತ, ಸಾವಿನ ಪ್ರಮಾಣ ಶೇ 25ರಿಂದ 41ರಷ್ಟು ಕಡಿಮೆ ಇತ್ತು. ನನ್ನ ಮನೆಯವರ ಎದೆ ತೆರೆಯಬೇಕಾಗಿ ಬಂದರೆ ಅದನ್ನೇ ದಿನವೂ ಮಾಡುವವರ ಕೈಯನ್ನೇ ನಾನೂ ಹುಡುಕುತ್ತೇನೆ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿತ್ತು: ಪಿತ್ತಕೋಶ ತೆಗೆಯುವಂಥ ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ಸಂಖ್ಯೆಗೂ ಸಾವಿಗೂ ಅಂಥ ಸಂಬಂಧ ಕಾಣಲಿಲ್ಲ. ಎಲ್ಲ ಕೆಲಸಕ್ಕೂ ಅತಿತಜ್ಞರೇ ಬೇಕೆಂಬ ಇಂದಿನ ಆತುರದಲ್ಲಿ ಈ ಭಾಗ ಮರೆತುಹೋಗಿದೆ.

ಕಲಿಸುವ ಜಾಗ ಪೂರ್ತಿ ಆಸ್ಪತ್ರೆಯೊಳಗೆ ಸೇರಿದ್ದಕ್ಕೂ ಇತಿಹಾಸವಿದೆ. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳನ್ನು ಸುತ್ತಿ ವರದಿ ಕೊಟ್ಟರು. ಹಣಕ್ಕಾಗಿ ನಡೆಯುತ್ತಿದ್ದ ಎಷ್ಟೋ ಶಾಲೆಗಳು ಮುಚ್ಚಿದವು. ಪ್ರಯೋಗಾಲಯ, ಬೋಧನಾ ಆಸ್ಪತ್ರೆ, ಪೂರ್ಣಾವಧಿ ಪ್ರಾಧ್ಯಾಪಕರಿರುವ ಜಾನ್ಸ್ ಹಾಪ್ಕಿನ್ಸ್ ಮಾದರಿ ಎಲ್ಲೆಡೆಗೂ ಆದರ್ಶವಾಯಿತು. ಅದರಿಂದ ಆದ ಉಪಕಾರ ದೊಡ್ಡದು. ಜೊತೆಗೇ ಊರಿನಲ್ಲಿ ಪ್ರಾಕ್ಟೀಸ್ ಮಾಡುವ ವೈದ್ಯರು ಗುರುಸ್ಥಾನದಿಂದ ಹೊರಗುಳಿದರು.

ನಮ್ಮಲ್ಲಿ ಆ ತಿರುವು ಬಂದದ್ದು ಭೋರ್ ಸಮಿತಿಯಿಂದ. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಲು 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಈ ಸಮಿತಿಯ ಮುಂದಿದ್ದ ದೇಶದಲ್ಲಿ ನೋಂದಾಯಿತ ವೈದ್ಯರು ಸುಮಾರು 47,500. ಅವರಲ್ಲಿ 30,000ದಷ್ಟು ಮಂದಿ ಪದವೀಧರರಲ್ಲ, ಎಲ್‌ಎಂಪಿಗಳು; ಕಡಿಮೆ ಅವಧಿಯ ಶಿಕ್ಷಣ ಪಡೆದು ಪರವಾನಗಿ ಹಿಡಿದು ಊರೂರಲ್ಲಿ ನೆಲೆಸಿದ್ದವರು. ನಮ್ಮ ಹಿರಿಯರ ನೆನಪಿನಲ್ಲಿ ಬ್ಯಾಗು ಹಿಡಿದು ಮನೆಗೆ ಬರುತ್ತಿದ್ದ ಡಾಕ್ಟರರಲ್ಲಿ ಎಷ್ಟೋ ಮಂದಿ ಈ ಎಲ್‌ಎಂಪಿಗಳೇ. ಎರಡು ದರ್ಜೆಯ ವೈದ್ಯರು ಬೇಡ, ಒಂದೇ ಬಗೆಯ ‘ಮೂಲ ವೈದ್ಯ’ ಸಾಕು ಎಂದು ಸಮಿತಿ ಹೇಳಿತು. ಇಷ್ಟು ದೊಡ್ಡ ದೇಶದಲ್ಲಿ ಈಗಲೇ ಎಲ್‌ಎಂಪಿ ನಿಲ್ಲಿಸಬೇಡಿ ಎಂದು ಕೆಲವು ಸದಸ್ಯರು ಭಿನ್ನಮತ ದಾಖಲಿಸಿದರು. ಸಮಿತಿಯ ಕನಸು ದೊಡ್ಡದಿತ್ತು: ಆ ಮೂಲ ವೈದ್ಯ ಕಾಯಿಲೆಯನ್ನಷ್ಟೇ ಅಲ್ಲ, ಊರನ್ನೂ ನೋಡುವ ಸಾಮಾಜಿಕ ವೈದ್ಯನಾಗಬೇಕಿತ್ತು. ಎಲ್‌ಎಂಪಿ ಹೋಯಿತು, ಒಂದೇ ಪದವಿ ಬಂತು. ಆ ಪದವಿಯನ್ನು ಕಲಿಸುವ ಜಾಗ ಮಾತ್ರ ದೊಡ್ಡಾಸ್ಪತ್ರೆಯ ವಾರ್ಡನ್ನು ಬಿಟ್ಟು ಹೊರಗೆ ಬರಲಿಲ್ಲ. ಮೂಲ ವೈದ್ಯನಾಗಬೇಕಿದ್ದ ಎಂಬಿಬಿಎಸ್, ಪಿಜಿ ಪ್ರವೇಶದ ಮೆಟ್ಟಿಲಾಯಿತು.

ಬ್ರಿಟನ್ ಇದೇ ಹೊತ್ತಿನಲ್ಲಿ ಇದೇ ಕಷ್ಟವನ್ನು ಎದುರಿಸಿತು. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದಾಗ ಸೇವೆ ಬೇಕಾದ ನಾಗರಿಕರು ಒಬ್ಬ ಜನರಲ್ ವೈದ್ಯರ (ಜಿಪಿ) ಬಳಿ ಹೆಸರು ನೋಂದಾಯಿಸಬೇಕಿತ್ತು. ತಜ್ಞರ ಬಳಿಗೆ ಹೋಗಲು ಅವರ ಚೀಟಿ ಬೇಕಿತ್ತು. ಎರಡೇ ವರ್ಷದಲ್ಲಿ, 1950ರಲ್ಲಿ, ಆಸ್ಟ್ರೇಲಿಯಾದ ಜೋಸೆಫ್ ಕಾಲಿಂಗ್ಸ್ ಎಂಬ ವೈದ್ಯರು ಅಲ್ಲಿನ ಕ್ಲಿನಿಕ್ಕುಗಳನ್ನು ಸುತ್ತಿನೋಡಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ ವರದಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ಕೊಳಕು ಕೋಣೆ, ಸರಿಯಾಗಿ ಪರೀಕ್ಷಿಸಲೂ ಪುರುಸೊತ್ತಿಲ್ಲದ ವೈದ್ಯರು, ಕಳಪೆ ಚಿಕಿತ್ಸೆ. ಆ ವೈದ್ಯರು ಅವಮಾನದಿಂದ ಸುಮ್ಮನಾಗಲಿಲ್ಲ. 1952ರಲ್ಲಿ ‘ಕಾಲೇಜ್’ ಎಂಬ ಹೆಸರಿನ ತಮ್ಮದೇ ವೃತ್ತಿಸಂಸ್ಥೆ ಕಟ್ಟಿಕೊಂಡರು. 1963ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಜನರಲ್ ಪ್ರಾಕ್ಟೀಸ್‌ಗೇ ಒಬ್ಬ ಪ್ರಾಧ್ಯಾಪಕರನ್ನು ನೇಮಿಸಿತು. 1980ರ ದಶಕದ ಆರಂಭಕ್ಕೆ, ಪದವಿಯ ನಂತರ ಮೂರು ವರ್ಷದ ಪ್ರತ್ಯೇಕ ತರಬೇತಿಯಿಲ್ಲದೆ ಯಾರೂ ಜಿಪಿ ಆಗುವಂತಿಲ್ಲ ಎಂಬ ನಿಯಮ ಬಂತು. ಆ ತರಬೇತಿಯ ಒಂದು ಭಾಗ ನಡೆಯುವುದು ಅನುಭವಿ ಜಿಪಿಯ ಕ್ಲಿನಿಕ್ಕಿನಲ್ಲೇ. ಇಂದು ಅಲ್ಲೂ ವೈದ್ಯರ ಕೊರತೆಯಿದೆ, ಜನ ಕಾದು ಬೇಸತ್ತಿದ್ದಾರೆ. ಆದರೆ ಜನರಲ್ ವೈದ್ಯಕೀಯ ಕಲಿಯಬೇಕಾದ ವಿದ್ಯೆ ಎಂಬುದರಲ್ಲಿ ಅಲ್ಲಿ ಯಾರಿಗೂ ಅನುಮಾನ ಉಳಿದಿಲ್ಲ.

ಆ ಕಾಲೇಜಿನ ಮೊದಲ ಅಧ್ಯಕ್ಷರಾಗಿದ್ದ ವಿಲಿಯಂ ಪಿಕ್ಲ್ಸ್ ಅವರ ಕೆಲಸ ನನಗೆ ಬಹಳ ಪ್ರಿಯ. ಯಾರ್ಕ್‌ಷೈರಿನ ವೆನ್ಸ್‌ಲಿಡೇಲ್ ಕಣಿವೆಯ ಹಳ್ಳಿಗಳಲ್ಲಿ ಜೀವಮಾನವಿಡೀ ದುಡಿದವರು. 1929ರಲ್ಲಿ ಅಲ್ಲಿ ಕಾಮಾಲೆ ಹರಡಿದಾಗ ಅವರ ಕೈಯಲ್ಲಿ ಪ್ರಯೋಗಾಲಯವಿರಲಿಲ್ಲ. ಇದ್ದದ್ದು ಜನರ ಪರಿಚಯ: ಯಾರು ಯಾರ ಮನೆಗೆ ಚಹಾಕ್ಕೆ ಹೋದರು, ಯಾವ ಮಗು ಯಾವ ಶಾಲೆಯಲ್ಲಿ ಯಾರ ಪಕ್ಕ ಕೂತಿತು, ಯಾರು ಯಾವ ಸಂತೆಗೆ ಹೋಗಿದ್ದರು. ಇದನ್ನೆಲ್ಲ ಬರೆದಿಟ್ಟು ಸೋಂಕು ತಗುಲಿದ ದಿನಕ್ಕೂ ಕಾಯಿಲೆ ಕಾಣಿಸಿಕೊಂಡ ದಿನಕ್ಕೂ ನಡುವೆ ಎಷ್ಟು ಅಂತರವೆಂದು ಅವರು ಕಂಡುಕೊಂಡರು. 1939ರಲ್ಲಿ ಅವರು ಪ್ರಕಟಿಸಿದ ಪುಸ್ತಕ ಸಾಂಕ್ರಾಮಿಕ ರೋಗ ಶಾಸ್ತ್ರದಲ್ಲಿ ಇಂದಿಗೂ ಗೌರವದ ಸ್ಥಾನ ಪಡೆದಿದೆ. ರೋಗಿ ಬಂದು ಹೋಗುವ ದೊಡ್ಡಾಸ್ಪತ್ರೆಯಲ್ಲಿ ಕೂತು ಈ ಸಂಶೋಧನೆ ಮಾಡುವುದು ಸಾಧ್ಯವೇ ಇರಲಿಲ್ಲ.

ನಮ್ಮ ಮಲೆನಾಡಿನಲ್ಲೂ ಹತ್ತಿರದ ಉದಾಹರಣೆಯಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತ ಜನರಿಗೆ ತೀವ್ರ ಜ್ವರ ಬರತೊಡಗಿತು. ಅದೇ ಹೊತ್ತಿಗೆ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಮೊದಲಿಗೆ ಟೈಫಾಯಿಡ್ ಥರದ ಜ್ವರ ಎನಿಸಿದ್ದ ಇದನ್ನು ಮಂಗಗಳ ಸಾವಿನ ಜೊತೆ ಜೋಡಿಸಿ ನೋಡಿದ್ದು ಆ ನೆಲದಲ್ಲಿ ಬದುಕುವವರ ಕಣ್ಣು. ವೈರಸ್ಸನ್ನು ಬೇರ್ಪಡಿಸಿ, ಅದು ಉಣ್ಣೆಗಳಿಂದ ಹರಡುತ್ತದೆಂದು ಸಾಬೀತು ಮಾಡಲು ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಬೇಕಾಯಿತು. ಊರಿನ ಕಣ್ಣಿಲ್ಲದಿದ್ದರೆ ತಜ್ಞರಿಗೆ ಪ್ರಶ್ನೆಯೇ ಸಿಗುತ್ತಿರಲಿಲ್ಲ, ತಜ್ಞರಿಲ್ಲದಿದ್ದರೆ ಮಂಗನ ಕಾಯಿಲೆಗೆ ಕಾರಣ ಸಿಗುತ್ತಿರಲಿಲ್ಲ.

ಈ ಎರಡರ ನಡುವಿನ ಕೊಂಡಿ ತಪ್ಪಿದರೆ ಏನಾಗುತ್ತದೆಂದು ನೋಡಲು ವಯಸ್ಸಾದವರಿರುವ ಯಾವ ಮನೆಯ ಔಷಧಿ ಡಬ್ಬಿ ತೆರೆದರೂ ಸಾಕು. ಒಂದು ಸಾಮಾನ್ಯ ದಾರಿ ಹೀಗಿರುತ್ತದೆ. ಬಿಪಿಗೆ ಆಮ್ಲೋಡಿಪಿನ್ ಮಾತ್ರೆ ಶುರುವಾಗುತ್ತದೆ. ಅದರಿಂದ ಕೆಲವರಿಗೆ ಪಾದ ಊದುತ್ತದೆ. ಊತಕ್ಕೆಂದು ಇನ್ನೊಬ್ಬರು ಮೂತ್ರ ಹೆಚ್ಚಿಸುವ ಮಾತ್ರೆ ಕೊಡುತ್ತಾರೆ. ಅದರಿಂದ ರಕ್ತದಲ್ಲಿ ಯೂರಿಕ್ ಆಮ್ಲ ಏರಿ ಕಾಲಿನ ಹೆಬ್ಬೆರಳಿನ ಕೀಲು ಕೆಂಪಾಗಿ ಬಾತುಕೊಳ್ಳುತ್ತದೆ. ಕೀಲುನೋವೆಂದು ಮೂಳೆ ಡಾಕ್ಟರ ಬಳಿ ಹೋದರೆ ನೋವಿನ ಮಾತ್ರೆ ಸೇರುತ್ತದೆ. ನೋವಿನ ಮಾತ್ರೆ ಬಿಪಿಯನ್ನು ಏರಿಸುತ್ತದೆ, ಮೂತ್ರಪಿಂಡಕ್ಕೂ ಭಾರ. ಏರಿದ ಬಿಪಿ ಕಂಡು ಮೊದಲಿನವರು ಡೋಸ್ ಹೆಚ್ಚಿಸುತ್ತಾರೆ. ಇಲ್ಲಿ ಯಾರೂ ಅಜ್ಞಾನಿಯಲ್ಲ. ತಂತಮ್ಮ ಕೋಣೆಯಲ್ಲಿ ಎಲ್ಲರೂ ಸರಿಯಾದದ್ದನ್ನೇ ಬರೆದಿದ್ದಾರೆ. ಎಲ್ಲ ಚೀಟಿಗಳನ್ನೂ ಒಂದೇ ಮೇಜಿನ ಮೇಲೆ ಹರಡಿ, ‘ಅಜ್ಜಿ, ಮೊದಲು ಕಾಲು ಊದಿದ್ದು ಯಾವಾಗ?’ ಎಂದು ಕೇಳಿ, ಮೊದಲ ಮಾತ್ರೆಯನ್ನು ಬದಲಿಸಿದರೆ ಎರಡು ಮಾತ್ರೆ ಉಳಿಯಬಹುದಿತ್ತು. ಅದು ಯಾರ ಕೆಲಸ ಎಂಬುದೇ ಇಲ್ಲಿ ನಿಗದಿಯಾಗಿಲ್ಲ. (ಇದನ್ನು ಓದಿ ಯಾರೂ ತಾವಾಗಿ ಬಿಪಿ ಮಾತ್ರೆ ನಿಲ್ಲಿಸಬಾರದು, ಎಲ್ಲ ಚೀಟಿಗಳನ್ನೂ ಒಬ್ಬರೇ ವೈದ್ಯರಿಗೆ ತೋರಿಸಿ ಕೇಳಬೇಕು.)

ಒಬ್ಬರೇ ವೈದ್ಯರು ವರ್ಷಾನುಗಟ್ಟಲೆ ನೋಡುವುದರಿಂದ ಆಗುವ ಗುಣವನ್ನು ನಾರ್ವೆಯವರು ಅಳೆದು ನೋಡಿದ್ದಾರೆ. ಇಡೀ ದೇಶದ ಸುಮಾರು 45 ಲಕ್ಷ ಜನರ ದಾಖಲೆಗಳನ್ನು ಆಧರಿಸಿ 2021ರಲ್ಲಿ ಬಂದ ಅಧ್ಯಯನದ ಪ್ರಕಾರ, ಒಬ್ಬರೇ ಜಿಪಿಯ ಬಳಿ 15 ವರ್ಷಕ್ಕಿಂತ ಹೆಚ್ಚು ಕಾಲ ಇದ್ದವರಲ್ಲಿ, ಒಂದೇ ವರ್ಷದ ಪರಿಚಯವಿದ್ದವರಿಗೆ ಹೋಲಿಸಿದರೆ, ತುರ್ತಾಗಿ ಆಸ್ಪತ್ರೆಗೆ ದಾಖಲಾಗುವ ಸಾಧ್ಯತೆ ಶೇ 28ರಷ್ಟು ಮತ್ತು ಸಾವಿನ ಸಾಧ್ಯತೆ ಶೇ 25ರಷ್ಟು ಕಡಿಮೆ ಇತ್ತು. ಇಂಥ ಅಧ್ಯಯನ ಕಾರಣವನ್ನು ಖಚಿತವಾಗಿ ಸಾಬೀತು ಮಾಡುವುದಿಲ್ಲ. ಆದರೂ ಒಂದು ಹೊಸ ಮಾತ್ರೆ ಇಷ್ಟು ಫಲ ತೋರಿಸಿದ್ದರೆ ಪತ್ರಿಕೆಗಳ ಮುಖಪುಟದಲ್ಲಿ ಬರುತ್ತಿತ್ತು.

ತಜ್ಞರನ್ನು ಹೆಚ್ಚಿಸಿದರೆ ಅವರು ತಾನಾಗಿ ತಾಲ್ಲೂಕಿಗೂ ಬರುತ್ತಾರೆಂಬ ನಿರೀಕ್ಷೆ ಫಲಿಸಿಲ್ಲ. ಕೇಂದ್ರ ಸರ್ಕಾರದ 2021–22ರ ಗ್ರಾಮೀಣ ಆರೋಗ್ಯ ಅಂಕಿಅಂಶಗಳಂತೆ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬೇಕಾದ ತಜ್ಞರಲ್ಲಿ ಸುಮಾರು ಶೇ 80ರಷ್ಟು ಕೊರತೆ. ಹೆರಿಗೆಯಲ್ಲಿ ತಾಯಂದಿರು ಸಾಯುವುದನ್ನು ತಡೆಯಲು ಸರ್ಕಾರ ಕೊನೆಗೆ ತಿರುಗಿದ್ದು ಎಂಬಿಬಿಎಸ್ ವೈದ್ಯರ ಕಡೆಗೇ: ತುರ್ತು ಅರಿವಳಿಕೆ ಕೊಡಲು 18 ವಾರ, ಸಿಸೇರಿಯನ್ ಸಹಿತ ತುರ್ತು ಹೆರಿಗೆ ಆರೈಕೆಗೆ 16 ವಾರದ ತರಬೇತಿ. ಕಲಿತವರಿಗೆ ಶಸ್ತ್ರಚಿಕಿತ್ಸಾ ಕೊಠಡಿ, ರಕ್ತದ ಸಂಗ್ರಹ, ಜೊತೆಗೆ ನಿಲ್ಲುವ ಹಿರಿಯರು ಇದ್ದ ಕಡೆ ಜೀವ ಉಳಿದಿವೆ. ಇವಿಲ್ಲದ ಕಡೆಗೆ ವರ್ಗವಾದವರ ವಿದ್ಯೆ ಕೈಯಲ್ಲೇ ತುಕ್ಕು ಹಿಡಿದಿದೆ. ಜನರಲ್ ವೈದ್ಯರು ಎಷ್ಟು ಮಾಡಬಲ್ಲರು ಎಂಬುದಕ್ಕೆ ಅವರು ಕಲಿತದ್ದಷ್ಟೇ ಅಲ್ಲ, ಅವರ ಸುತ್ತ ನಾವು ಏನು ಕಟ್ಟಿದ್ದೇವೆ ಎಂಬುದೂ ಅಳತೆ.

ಈಗ ಕೆಲವು ಬಾಗಿಲು ತೆರೆದಿವೆ. ಫ್ಯಾಮಿಲಿ ಮೆಡಿಸಿನ್‌ನಲ್ಲಿ ಡಿಎನ್‌ಬಿ ಎಂಬ ಸ್ನಾತಕೋತ್ತರ ಅರ್ಹತೆ ಬಹಳ ಹಿಂದಿನಿಂದ ಇದೆ. ಕೇರಳದ ಕೋಯಿಕ್ಕೋಡ್ ಸರ್ಕಾರಿ ವೈದ್ಯಕೀಯ ಕಾಲೇಜು ಅದೇ ವಿಷಯದಲ್ಲಿ ಎಂಡಿ ಶುರುಮಾಡಿತು. ಆದರೆ ಎಂಬಿಬಿಎಸ್ ಕಲಿಸುವ ನಮ್ಮ ಬಹುಪಾಲು ಕಾಲೇಜುಗಳಲ್ಲಿ ಆ ಹೆಸರಿನ ವಿಭಾಗವಿಲ್ಲ. ವಿಭಾಗವಿಲ್ಲದಿದ್ದರೆ ಗುರುಗಳಿಲ್ಲ, ಗುರುಗಳಿಲ್ಲದ ವಿಷಯವನ್ನು ಇಪ್ಪತ್ತು ವರ್ಷದ ವಿದ್ಯಾರ್ಥಿ ತನ್ನ ಮುಂದಿನ ಬದುಕೆಂದು ಕಲ್ಪಿಸಿಕೊಳ್ಳುವುದು ಕಷ್ಟ. ಕರ್ನಾಟಕದಲ್ಲಿ 2022ರ ಕೊನೆಗೆ ಆರಂಭವಾದ ‘ನಮ್ಮ ಕ್ಲಿನಿಕ್’ಗಳಲ್ಲಿ ಕೂರುವುದು ಎಂಬಿಬಿಎಸ್ ವೈದ್ಯರೇ. ಅವರಲ್ಲಿ ಎಷ್ಟೋ ಮಂದಿ ಪಿಜಿ ಸೀಟು ಸಿಗುವವರೆಗಿನ ಕೆಲಸವೆಂದು ಬಂದು ಹೋಗುವವರಾದರೆ, 15 ವರ್ಷದ ಪರಿಚಯದ ಮಾತಿರಲಿ, ಒಂದು ವರ್ಷದ ಪರಿಚಯವೂ ಬೆಳೆಯುವುದಿಲ್ಲ.

ಹೊಸ ಪಠ್ಯಕ್ರಮದಲ್ಲಿ ಕುಟುಂಬ ದತ್ತು ಕಾರ್ಯಕ್ರಮ ಬಂದಿದೆ. ಮೊದಲ ವರ್ಷದಿಂದಲೇ ವಿದ್ಯಾರ್ಥಿಗೆ ಹಳ್ಳಿಯ ಕೆಲವು ಕುಟುಂಬಗಳನ್ನು ವಹಿಸಿ, ವರ್ಷ ವರ್ಷ ಅವರ ಮನೆಗೆ ಹೋಗಿ ಆರೋಗ್ಯ ವಿಚಾರಿಸುವಂತೆ ಮಾಡಿದ್ದಾರೆ. ನನಗೆ ಇದರಲ್ಲಿ ಭರವಸೆಯಿದೆ, ಎರಡು ಕೆಲಸ ಜೊತೆಗಾದರೆ. ಆ ಭೇಟಿಗಳು ಹೌಸ್ ಸರ್ಜನ್ ವರ್ಷದ ಕೊನೆಯವರೆಗೂ ನಡೆಯಬೇಕು, ಅವುಗಳಿಗೆ ಪರೀಕ್ಷೆಯಲ್ಲಿ ಅಂಕವಿರಬೇಕು. ಮತ್ತು ತಾಲ್ಲೂಕು ಕೇಂದ್ರಗಳಲ್ಲಿ ಮೂವತ್ತು ವರ್ಷ ಪ್ರಾಕ್ಟೀಸ್ ಮಾಡಿದ, ಒಂದೇ ಮನೆಯ ಮೂರು ತಲೆಮಾರನ್ನು ನೋಡಿದ ವೈದ್ಯರನ್ನು ಕಾಲೇಜುಗಳು ಗೌರವಧನ ಕೊಟ್ಟು ಬೋಧಕರನ್ನಾಗಿ ಕರೆಯಬೇಕು. ವಿದ್ಯಾರ್ಥಿಗಳು ಅವರ ಕ್ಲಿನಿಕ್ಕಿನ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತು ಒಂದಿಷ್ಟು ತಿಂಗಳು ನೋಡಬೇಕು. ಆ ವೈದ್ಯರಲ್ಲಿ ಬಹಳ ಮಂದಿ ಈಗ ಎಪ್ಪತ್ತರ ಹತ್ತಿರದಲ್ಲಿದ್ದಾರೆ. ಅವರ ಮಕ್ಕಳು ತಜ್ಞರಾಗಿ ಬೇರೆ ಊರುಗಳಲ್ಲಿದ್ದಾರೆ, ಕ್ಲಿನಿಕ್ಕು ಮುಂದುವರಿಸುವವರಿಲ್ಲ. ವಿಶ್ವವಿದ್ಯಾಲಯ ಅವರನ್ನು ಕರೆಯುವುದಿದ್ದರೆ ಮುಂದಿನ ಶೈಕ್ಷಣಿಕ ವರ್ಷದಲ್ಲೇ ಕರೆಯಬೇಕು.